ಬೆಕ್ಕನ್ನು ನೋಡಿಕೊಳ್ಳುವವರು

ಹೆಂಡತಿ: ಬೆಕ್ಕನ್ನ ನೋಡ್ಕೊಳ್ಳಿ ಅಂತ ಹೇಳಿ ಹೋಗಿದ್ದೆ.

ಗಂಡ: ನೋಡ್ಕೊಂಡೆನಲ್ಲ.

ಹೆಂಡತಿ: ಏನು ನೋಡ್ಕೊಂಡ್ರಿ?

ಗಂಡ: ಎಲ್ಲಾನೂ. ಹತ್ತು ಗಂಟೆಗೆ ಎದ್ದಿತು. ಮೈ ಮುರೀತು. ಕಿಟಕಿ ಹತ್ರ ಹೋಯ್ತು. ಆಮೇಲೆ ಬಾಯಲ್ಲಿ ಏನೋ ಹಸಿರು ನೇತಾಡಿಸ್ಕೊಂಡು ಈ ಕಡೆ ಬಂತು. ನಿಧಾನವಾಗಿ ಅಗಿದು ತಿಂತು. ಒಂದು ಗಂಟೆ ಬಿಟ್ಟು ವಾಂತಿ ಮಾಡ್ತು. ಒಂದನ್ನೂ ಬಿಡದೆ ನೋಡಿದೀನಿ.

ಹೆಂಡತಿ: ಅದು ನೋಡಿದ್ದು ರೀ. ನೋಡ್ಕೊಂಡಿದ್ದಲ್ಲ.

ಗಂಡ: ಎರಡಕ್ಕೂ ಕಣ್ಣು ತಾನೇ ಬೇಕು?

ಅವಳು ಹೆಗಲಿನ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತಿದ್ದಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನ ಪಾಳಿ ಅವಳದು. ಏಳಕ್ಕೆ ಹೋದರೆ ನಲವತ್ತೈವತ್ತು ಜನರ ತೋಳಿನಲ್ಲಿ ನರ ಹುಡುಕಿ, ಸೀಸೆಗಳಿಗೆಲ್ಲ ಚೀಟಿ ಅಂಟಿಸಿ, ಎರಡು ಗಂಟೆಗೆ ಮನೆ ಸೇರುತ್ತಾಳೆ. ಅವನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವನು. ಅವನ ಕೆಲಸವನ್ನು ಜನ ‘ಪ್ರೂಫ್ ನೋಡೋದು’ ಅನ್ನುತ್ತಾರೆ. ನೋಡುವುದಕ್ಕೇ ಸಂಬಳ ಬರುವ ಗಂಡಸು ಮನೆಯಲ್ಲಿ ಮಾತ್ರ ಯಾಕೆ ಏನನ್ನೂ ಕಾಣುವುದಿಲ್ಲ ಎಂಬುದು ಮದುವೆಯಾದ ಹನ್ನೊಂದು ವರ್ಷದಿಂದ ಅವಳಿಗೆ ಬಗೆಹರಿದಿಲ್ಲ. ಇವತ್ತು ಅವನು ಕರಡಿನ ಕಟ್ಟನ್ನು ಮನೆಗೇ ತಂದುಕೊಂಡು ಕೂತಿದ್ದ.

ಬೆಕ್ಕು ಕುರ್ಚಿಯ ಕೆಳಗಿತ್ತು. ಬಾಲದ ತುದಿ ಸದಾ ಅಲ್ಪವಿರಾಮದ ಚಿಹ್ನೆಯ ಹಾಗೆ ಕೆಳಕ್ಕೆ ಬಾಗಿರುತ್ತಿದ್ದರಿಂದ ಅವನೇ ಅದಕ್ಕೆ ಕಾಮಾ ಅಂತ ಹೆಸರಿಟ್ಟಿದ್ದ. ಇಟ್ಟದ್ದು ಹೆಸರು ಮಾತ್ರ. ಅನ್ನ, ನೀರು, ಮಲಮೂತ್ರಕ್ಕೆ ಮಣ್ಣಿನ ತಟ್ಟೆ ಇಡುವುದೆಲ್ಲ ಅವಳ ಪಾಲು.

ಹೆಂಡತಿ: ವಾಂತಿ ಎಲ್ಲಿ?

ಗಂಡ: ಅಲ್ಲಿ. ನೀನು ತುಳಿದುಬಿಟ್ಟೀಯ ಅಂತ ಕಾಗದ ಮುಚ್ಚಿದೀನಿ.

ಹೆಂಡತಿ: ಒರೆಸ್ಲಿಲ್ಲ.

ಗಂಡ: ಒರೆಸೋ ಬಟ್ಟೆ ಎಲ್ಲಿರುತ್ತೆ ಅಂತ ನಂಗೆ ಗೊತ್ತಿಲ್ಲ.

ಹೆಂಡತಿ: ಹನ್ನೊಂದು ವರ್ಷದಿಂದ ಅದೇ ಮೊಳೆಗೆ ನೇತಾಡ್ತಿದೆ. ಪಕ್ಕದ ಮೊಳೆಗೆ ನಿಮ್ಮ ಟವೆಲು.

ಗಂಡ: ಒಂದು ಮಾತು ಹೇಳಿ ಹೋಗಿದ್ರೆ ಒರೆಸ್ತಿದ್ದೆ.

ಹೆಂಡತಿ: ಹೇಳೋದೂ ಒಂದು ಕೆಲಸ ರೀ. ಅದನ್ನೂ ನಾನೇ ಮಾಡ್ಬೇಕಾ?

ಅವಳು ಬಗ್ಗಿ ಕಾಗದ ಎತ್ತಿದಳು. ಅಡಿಯಲ್ಲಿ ಹಸಿರೂ ಕೂದಲೂ ಕಲಸಿಹೋದ ಒಂದು ಉಂಡೆ. ಕಾಗದದ ಮೇಲೆ ಕೆಂಪು ಶಾಯಿಯ ಗೀಟು, ಕೊಕ್ಕೆ, ಬಾಣ. ಅವುಗಳ ನಡುವೆ ಅಚ್ಚಾದ ಅಕ್ಷರ. ಓದುತ್ತಾ ಅವಳ ಹುಬ್ಬು ಮೇಲೇರಿತು.

ಹೆಂಡತಿ: ‘ಬೆಕ್ಕಿರುವ ಮನೆಗೆ ಲಿಲ್ಲಿ ಹೂವು ಬೇಡ. ಎಲೆ, ದಳ, ಪರಾಗ, ಕೊನೆಗೆ ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡಕ್ಕೆ ಮಾರಕ.’ ಏನಿದು?

ಗಂಡ: ಮನೆಗಿಡಗಳ ಪುಸ್ತಕ. ಎಂಬತ್ನಾಲ್ಕನೇ ಪುಟ, ಮೊದಲನೇ ಕರಡು. ತಿದ್ದಿ ಮುಗಿದದ್ದು, ಪರವಾಗಿಲ್ಲ ಅಂತ ಮುಚ್ಚಿದೆ.

ಹೆಂಡತಿ: ಇದನ್ನ ನೀವು ಓದಿದೀರ?

ಗಂಡ: ಎರಡು ಸಲ. ಏಳು ತಪ್ಪು ಸಿಕ್ತು. ‘ಪಿಂಡ’ಕ್ಕೆ ಮಹಾಪ್ರಾಣ ಹಾಕಿದ್ರು. ಮೂರು ಕಡೆ ‘ಲಿಲಿ’, ಒಂಬತ್ತು ಕಡೆ ‘ಲಿಲ್ಲಿ’. ಎಲ್ಲಾ ಕಡೆ ‘ಲಿಲ್ಲಿ’ ಮಾಡಿದೆ.

ಹೆಂಡತಿ: ಲಿಲ್ಲಿ ತಿಂದ್ರೆ ಬೆಕ್ಕು ಸಾಯುತ್ತೆ ಅಂತ ಬರೆದಿದೆಯಲ್ಲ?

ಗಂಡ: ಅದು ಬರೆದವರ ಜವಾಬ್ದಾರಿ. ನಾನು ಅಕ್ಷರ ನೋಡ್ತೀನಿ, ಅರ್ಥ ನೋಡಲ್ಲ. ಅರ್ಥ ನೋಡೋಕೆ ಹೋದ್ರೆ ಅಕ್ಷರ ಕಣ್ಣು ತಪ್ಪಿಸುತ್ತೆ. ಇಪ್ಪತ್ತು ವರ್ಷದ ಅನುಭವ ಇದು.

ಆ ಇಪ್ಪತ್ತು ವರ್ಷಕ್ಕೇ ನಿನ್ನೆ ಅಚ್ಚುಕೂಟದವರು ಅವನನ್ನು ಕರೆದು ನಿಲ್ಲಿಸಿ, ಹದ್ದಿನ ಕಣ್ಣು ಅಂತ ಹೊಗಳಿ, ಒಂದು ದೊಡ್ಡ ಹೂಗುಚ್ಛ ಕೊಟ್ಟು ಕಳಿಸಿದ್ದರು. ಬೆಳಿಗ್ಗೆ ಬಸ್ಸಿಗೆ ಓಡುವಾಗ ಅದು ಅವಳ ಕಣ್ಣಿಗೆ ಬಿದ್ದಿತ್ತು. ಲಿಲ್ಲಿಯ ವಿಷಯ ಬೆಕ್ಕಿಗೆ ಚುಚ್ಚುಮದ್ದು ಹಾಕಿಸಿದ ದಿನವೇ ಡಾಕ್ಟರು ಅವಳಿಗೆ ಹೇಳಿದ್ದರು. ಚಪ್ಪಲಿ ಮೆಟ್ಟುತ್ತಲೇ ಎರಡು ಮಾತು ಹೇಳಿ ಹೋಗಿದ್ದಳು. ಬೆಕ್ಕನ್ನು ನೋಡಿಕೊಳ್ಳಿ ಎಂಬ ಎರಡನೆಯದರ ಗತಿ ಈಗಾಗಲೇ ಗೊತ್ತಾಗಿತ್ತು.

ಹೆಂಡತಿ: ಹೂವನ್ನ ಹೊರಗಿಡಿ ಅಂದಿದ್ದೆ.

ಗಂಡ: ಹೊರಗೇ ಇದೆ.

ಹೆಂಡತಿ: ಊಟದ ಮೇಜಿನ ಮೇಲಿದೆ.

ಗಂಡ: ಮತ್ತೆ? ಕಪಾಟಿನ ಒಳಗಿಟ್ಟಿದೀನಾ?

ಹೆಂಡತಿ: ಲಿಲ್ಲಿ ರೀ ಅದು.

ಗಂಡ: ಇದು ಲಿಲ್ಲಿನಾ?

ಅವನು ಕನ್ನಡಕ ಸರಿಮಾಡಿಕೊಂಡು ಹೂದಾನಿಯ ಹತ್ತಿರ ಹೋಗಿ, ಹೊಸದಾಗಿ ಪರಿಚಯವಾದವರನ್ನು ನೋಡುವಂತೆ ನೋಡಿದ.

ಗಂಡ: ಹನ್ನೆರಡು ಕಡೆ ನೋಡಿದೀನಿ. ಒಂದು ಸಲವೂ ಮುಖ ನೋಡಿರಲಿಲ್ಲ.

ಅವಳಿಗೆ ನಗು ಬರಲಿಲ್ಲ. ಲಿಲ್ಲಿಯ ಒಂದೊಂದೇ ದಂಟನ್ನು ಎತ್ತಿ ಎಲೆಗಳನ್ನು ತಿರುಗಿಸಿದಳು. ಮೂರನೆಯ ದಂಟಿನಲ್ಲಿ ಒಂದು ಎಲೆ ಬುಡದಿಂದಲೇ ಕಿತ್ತುಹೋಗಿತ್ತು, ಗಾಯ ಇನ್ನೂ ಹಸಿಯಾಗಿತ್ತು. ಮಂಡಿಯೂರಿ ಕಾಮಾವನ್ನು ಕುರ್ಚಿಯ ಕೆಳಗಿನಿಂದ ಎಳೆದುಕೊಂಡಳು. ಬಲಗಡೆಯ ಮೀಸೆಗೆ ಹಳದಿ ಮೆತ್ತಿತ್ತು. ಅವಳು ಬೆಕ್ಕನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಹೆಂಡತಿ: ಪರಾಗ. ಎಲೆನೂ ತಿಂದಿದೆ. ಡಾಕ್ಟರಿಗೆ ಫೋನ್ ಮಾಡಿ. ನಾನು ಇದನ್ನ ಬಿಡಲ್ಲ, ಬಿಟ್ರೆ ಮೈ ನೆಕ್ಕಿ ಇನ್ನಷ್ಟು ಒಳಗೆ ತಗೊಳ್ಳುತ್ತೆ. ಟವೆಲು ಕೊಡಿ.

ಗಂಡ: ಯಾವ ಟವೆಲು?

ಹೆಂಡತಿ: ನಿಮ್ಮದು.

ಈ ಸಲ ಅವನಿಗೆ ಮೊಳೆ ಒಂದೇ ಏಟಿಗೆ ಸಿಕ್ಕಿತು. ಅವಳು ಬೆಕ್ಕನ್ನು ಕೂಸಿನ ಹಾಗೆ ಸುತ್ತಿಕೊಂಡಳು. ಅವನು ಅವಳ ಚೀಲದಿಂದ ಫೋನು ತೆಗೆದು, ಡಾಕ್ಟರಿಗೆ ಕರೆ ಮಾಡಿ, ಇಬ್ಬರಿಗೂ ಕೇಳಿಸುವಂತೆ ಸ್ಪೀಕರ್ ಒತ್ತಿದ.

ಗಂಡ: ಡಾಕ್ಟ್ರೇ, ನಮ್ಮ ಕಾಮಾ ವಾಂತಿ ಮಾಡ್ಕೊಂಡಿದೆ.

ಡಾಕ್ಟರು: ಕೋಮಾಕ್ಕೆ ಹೋಗಿದೆಯಾ?

ಗಂಡ: ಎಲ್ಲೂ ಹೋಗಿಲ್ಲ. ಕುರ್ಚಿ ಕೆಳಗಿತ್ತು. ಈಗ ಟವೆಲಿನಲ್ಲಿದೆ.

ಡಾಕ್ಟರು: ಕೋಮಾದಲ್ಲಿದೆಯಾ ಅಂತ ಕೇಳ್ತಿದೀನಿ.

ಗಂಡ: ಟವೆಲಿನಲ್ಲಿರೋದೇ ಕಾಮಾ ಡಾಕ್ಟ್ರೇ.

ಡಾಕ್ಟರು: ನೋಡಿ, ಕೂಗಿದ್ರೆ ಕಣ್ಣು ಬಿಡುತ್ತಾ?

ಗಂಡ: ಕಾಮಾ ಅಂತ ಕೂಗಿದ್ರೆ ಬಿಡುತ್ತೆ.

ಹೆಂಡತಿ: ಕಾಮಾ ಅಂದ್ರೆ ಬೆಕ್ಕಿನ ಹೆಸರು ಡಾಕ್ಟ್ರೇ. ಎಚ್ಚರವಾಗೇ ಇದೆ. ಲಿಲ್ಲಿ ತಿಂದಿರಬಹುದು. ಒಂದು ಎಲೆ ಕಾಣಿಸ್ತಿಲ್ಲ, ಮೀಸೆಗೆ ಹಳದಿ ಅಂಟಿದೆ. ತಿಂದು ನಾಲ್ಕು ಗಂಟೆ ಹೊತ್ತಾಗಿದೆ.

ಫೋನಿನ ಆ ತುದಿಯ ದನಿ ಒಮ್ಮೆಲೇ ಗಟ್ಟಿಯಾಯಿತು.

ಡಾಕ್ಟರು: ಈಗಲೇ ಹೊರಡಿ. ಆಮೇಲೆ ನೋಡೋಣ ಅಂತ ಕೂರಬೇಡಿ. ಉಪ್ಪುನೀರು, ಹಾಲು, ಏನನ್ನೂ ಕುಡಿಸಬೇಡಿ, ವಾಂತಿ ಮಾಡಿಸೋಕೂ ಹೋಗಬೇಡಿ. ಆ ಹೂವಿನದೊಂದು ದಂಟು ಚೀಲಕ್ಕೆ ಹಾಕಿ ಕಟ್ಟಿ ತನ್ನಿ. ವಾಂತಿ ಒರೆಸಿಬಿಟ್ರಾ?

ಗಂಡ: ಇಲ್ಲ. ಹಾಗೇ ಇದೆ.

ಡಾಕ್ಟರು: ಬಹಳ ಒಳ್ಳೇದಾಯ್ತು. ಅದನ್ನೂ ತನ್ನಿ. ನೋಡಿದ್ರೆ ಏನು ತಿಂದಿದೆ ಅಂತ ತಿಳಿಯುತ್ತೆ.

ಫೋನು ಇಟ್ಟ ಗಂಡನ ಎದೆ ಎರಡು ಇಂಚು ಉಬ್ಬಿತ್ತು.

ಗಂಡ: ಕೇಳಿದ್ಯಾ? ಒರೆಸದೇ ಇದ್ದದ್ದು ಬಹಳ ಒಳ್ಳೇದಾಯ್ತಂತೆ.

ಹೆಂಡತಿ: ಕೇಳಿದೆ. ಈಗ ಚಮಚ ತಗೊಂಡು ಅದನ್ನ ಡಬ್ಬಿಗೆ ತುಂಬಿ.

ಗಂಡ: ನಾನಾ?

ಹೆಂಡತಿ: ನನ್ನ ಎರಡು ಕೈಯಲ್ಲೂ ಬೆಕ್ಕಿದೆ.

ಅವನ ಎದೆ ಎರಡು ಇಂಚು ಇಳಿಯಿತು. ಮುಖ ಒಂದು ಕಡೆಗೆ, ಚಮಚ ಇನ್ನೊಂದು ಕಡೆಗೆ ಮಾಡಿಕೊಂಡು ತುಂಬಿದ. ಡಬ್ಬಿಯ ಮೇಲೆ ರೋಗಿಯ ಹೆಸರು, ದಿನಾಂಕ, ಹೊತ್ತು ಬರೆದು ಅಂಟಿಸಿ ಎಂದಳು, ಅಭ್ಯಾಸ ಬಲದಿಂದ. ಹೊರಡುವಾಗ ಅವನು ಕರಡಿನ ಕಟ್ಟನ್ನೂ ಬಗಲಲ್ಲಿ ಇರುಕಿಕೊಂಡ.

ಹೆಂಡತಿ: ಅದ್ಯಾಕೆ?

ಗಂಡ: ಎರಡನೇ ಕರಡು ಇದರಲ್ಲಿದೆ. ಆ ಅಧ್ಯಾಯ ಪೂರ್ತಿ ಓದ್ಬೇಕು ನಾನು. ಅರ್ಥ ನೋಡ್ತಾ.

ಪ್ರಾಣಿಗಳ ಆಸ್ಪತ್ರೆಯ ಮುಂಗೋಣೆಯಲ್ಲಿ ಉದ್ದನೆಯ ಬೆಂಚು, ತೂಕದ ಯಂತ್ರ, ಕಿವಿಗೆ ಪಟ್ಟಿ ಕಟ್ಟಿಸಿಕೊಂಡ ಒಂದು ನಾಯಿ. ಕಿಂಡಿಯಲ್ಲಿದ್ದ ಹೆಂಗಸು ಒಂದು ಚೀಟಿ ತಳ್ಳಿ, ತುಂಬಿಸಿ ಅಂದಳು. ಪ್ರಾಣಿ, ವಯಸ್ಸು, ತೊಂದರೆ, ನೋಡಿಕೊಳ್ಳುವವರು. ಅವಳ ಕೈಯಲ್ಲಿ ಬೆಕ್ಕಿತ್ತು, ಅವನು ಬರೆದ. ‘ನೋಡಿಕೊಳ್ಳುವವರು’ ಎಂಬಲ್ಲಿಗೆ ಬಂದಾಗ ಒಂದು ಗಳಿಗೆ ಯೋಚಿಸಿ, ತನ್ನದೇ ಹೆಸರು ಬರೆದ.

ಹೆಂಡತಿ: ಯಾರ ಹೆಸರದು?

ಗಂಡ: ನಂದು. ಇವತ್ತು ಮನೆಯಲ್ಲಿದ್ದವನು ನಾನೇ ಅಲ್ವಾ?

ಅವಳು ಬೆಕ್ಕನ್ನು ಎಡಗೈಗೆ ಬದಲಾಯಿಸಿ, ಅವನ ಜೇಬಿನಿಂದ ಕೆಂಪು ಪೆನ್ನು ತೆಗೆದಳು. ‘ನೋಡಿಕೊಳ್ಳುವವರು’ ಎಂಬ ಪದದ ನಡುವಿನ ಮೂರು ಅಕ್ಷರಕ್ಕೆ ಗೀಟು ಎಳೆದಳು. ಗೀಟಿನ ತುದಿಗೆ, ಅವನು ಹಾಕುವಂತೆಯೇ, ಒಂದು ಪುಟ್ಟ ಸುರುಳಿ ಹಾಕಿ ಮೇಲೆ ಒಂದು ‘ಡು’ ಬರೆದಳು. ಅವನು ಓದಿಕೊಂಡ.

ಗಂಡ: ‘ನೋಡುವವರು.’

ಹೆಂಡತಿ: ಈಗ ತಪ್ಪಿಲ್ಲ ತಾನೇ?

ಅಷ್ಟರಲ್ಲಿ ಒಳಗೆ ಕರೆದರು.

ಡಾಕ್ಟರು ನರೆತ ಕೂದಲಿನ, ಚುರುಕು ಕೈಯ ಹೆಂಗಸು. ಕಾಮಾವನ್ನು ಮೇಜಿನ ಮೇಲಿಟ್ಟು ಕಣ್ಣು, ವಸಡು, ಹೊಟ್ಟೆ ಮುಟ್ಟಿ ನೋಡಿದರು. ರಕ್ತ ತೆಗೆಯುವಾಗ ಹೆಂಡತಿಯೇ ಬೆಕ್ಕಿನ ಕಾಲು ಹಿಡಿದಳು. ಗಂಡ ಗೋಡೆ ನೋಡುತ್ತಾ ಕೇಳಿದ.

ಗಂಡ: ಉಳಿಯುತ್ತಾ ಡಾಕ್ಟ್ರೇ?

ಡಾಕ್ಟರು: ಲಿಲ್ಲಿ ತಿಂದಿದ್ರೆ ಈಗಲೇ ಸಲೈನ್ ಹಾಕಿ ಎರಡು ದಿನ ಇಲ್ಲೇ ಇಟ್ಕೊಳ್ಳಬೇಕು. ಬೇಗ ಬಂದಿದೀರ, ಅದೇ ದೊಡ್ಡದು. ತಿಂದದ್ದನ್ನ ಕಣ್ಣಾರೆ ಕಂಡವರು ಯಾರು?

ಗಂಡ: ನಾನು.

ಡಾಕ್ಟರು: ಯಾವ ಗಿಡ?

ಗಂಡ: ಹಸಿರು ಗಿಡ.

ಡಾಕ್ಟರು: ಮನೆಯಲ್ಲಿ ಎಷ್ಟು ಗಿಡ ಇದೆ?

ಗಂಡ: ಆರೇಳು ಇರಬಹುದು.

ಹೆಂಡತಿ: ಹತ್ತೊಂಬತ್ತು.

ಗಂಡ: ಹತ್ತೊಂಬತ್ತಾ? ಯಾವಾಗ ಬಂತು?

ಹೆಂಡತಿ: ನೀವು ನೋಡ್ತಾ ಇದ್ದಾಗ.

ಡಾಕ್ಟರು: ಮನಿ ಪ್ಲಾಂಟು, ಲೋಳೆಸರ, ಕಣಗಿಲೆ ಏನಾದ್ರೂ?

ಗಂಡ: ತಾಳಿ, ಪಟ್ಟಿ ನನ್ನ ಹತ್ರ ಇದೆ. ಇದರಲ್ಲಿ ಎಲ್ಲಾ ಬರೆದಿದ್ದಾರೆ, ಓದಿಬಿಡ್ತೀನಿ. ಎಂಬತ್ನಾಲ್ಕನೇ ಪುಟಕ್ಕೆ ಗುರುತು ಇಟ್ಟಿದ್ದೆ.

ಅವನು ಕಟ್ಟನ್ನು ಬಿಚ್ಚಿ ಪುಟ ತೆರೆದ. ನಡುವಿನಿಂದ ಏನೋ ಜಾರಿ ಮೇಜಿನ ಮೇಲೆ, ಬೆಕ್ಕಿನ ಮೂಗಿನ ಹತ್ತಿರವೇ ಬಿತ್ತು. ಡಾಕ್ಟರು ಇಕ್ಕಳದಿಂದ ತಟ್ಟನೆ ಎತ್ತಿ ದೂರ ಹಿಡಿದರು. ಉದ್ದನೆಯ, ಹೊಳೆಯುವ, ಇಡಿಯಾದ ಎಲೆ.

ಹೆಂಡತಿ: ಇದೇನು?

ಗಂಡ: ಗುರುತು. ಬೆಳಿಗ್ಗೆ ಕೈಗೆ ಕಾಗದ ಸಿಗಲಿಲ್ಲ. ಮೇಜಿನ ಮೇಲೆ ಹೂವಿತ್ತು. ಒಂದು ಎಲೆ ಕಿತ್ತೆ.

ಹೆಂಡತಿ: ಲಿಲ್ಲಿ ವಿಷ ಅಂತ ಬರೆದಿರೋ ಪುಟಕ್ಕೆ ಲಿಲ್ಲಿ ಎಲೆ ಇಟ್ರಿ.

ಗಂಡ: ಸರಿಯಾದ ಪುಟಕ್ಕೇ ಇಟ್ಟಿದೀನಲ್ಲ.

ಅವಳು ಡಾಕ್ಟರ ಮುಖ ನೋಡಿದಳು. ಕಾಣದಿದ್ದ ಎಲೆ ಬೆಕ್ಕಿನ ಹೊಟ್ಟೆಗೆ ಹೋಗಿರಲಿಲ್ಲ.

ಹೆಂಡತಿ: ಹಾಗಾದ್ರೆ ಮೀಸೆಯ ಹಳದಿ?

ಡಾಕ್ಟರು ಒದ್ದೆ ಹತ್ತಿಯಿಂದ ಮೀಸೆ ಒರೆಸಿ, ಬೆಳಕಿಗೆ ಹಿಡಿದು, ಮೂಸಿದರು. ಇನ್ನೊಮ್ಮೆ ಮೂಸಿದರು.

ಡಾಕ್ಟರು: ಮೊಟ್ಟೆ.

ಗಂಡ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ.

ಹೆಂಡತಿ: ರೀ.

ಗಂಡ: ಬೇಯಿಸಿದ್ದು. ನಂಗೆ ಹಳದಿ ಭಾಗ ತಿನ್ನಬೇಡಿ ಅಂತ ನನ್ನ ಡಾಕ್ಟ್ರು ಹೇಳಿದ್ದಾರಲ್ಲ. ಹಾಳು ಮಾಡೋದು ಯಾಕೆ ಅಂತ.

ಹೆಂಡತಿ: ಅರ್ಧ ಗಂಟೆಯಿಂದ ನಾನು ಪರಾಗ, ಪರಾಗ ಅಂತ ಒದ್ದಾಡ್ತಿದೀನಿ.

ಗಂಡ: ನೀನು ಅಷ್ಟು ಖಚಿತವಾಗಿ ಹೇಳಿದ್ಮೇಲೆ ನಂಗೂ ಅದು ಪರಾಗವೇ ಅನ್ನಿಸಿಬಿಡ್ತು.

ಡಾಕ್ಟರು ಡಬ್ಬಿ ತೆರೆದು ಉಂಡೆಯನ್ನು ನೀರಿನಲ್ಲಿ ಬಿಡಿಸಿದರು. ಕೂದಲಿನ ನಡುವೆ ನೂಲಿನಂಥ ಮೂರು ಹಸಿರು ಎಸಳು ತೇಲಿದವು. ಭೂತಗನ್ನಡಿ ಹಿಡಿದು ನೋಡಿ, ಅವಳಿಗೂ ಕೊಟ್ಟರು.

ಡಾಕ್ಟರು: ಇದು ಲಿಲ್ಲಿ ಅಲ್ಲ, ಹುಲ್ಲು. ಬೆಕ್ಕುಗಳು ಹುಲ್ಲು ತಿಂದು ವಾಂತಿ ಮಾಡ್ಕೊಳ್ಳೋದು ಉಂಟು, ಕೂದಲೂ ಜೊತೆಗೆ ಬರುತ್ತೆ. ಮನೆಯಲ್ಲಿ ಹುಲ್ಲಿದೆಯಾ?

ಹೆಂಡತಿ: ಗೋಧಿ ಹುಲ್ಲು. ಬೇರೆ ಗಿಡಕ್ಕೆ ಬಾಯಿ ಹಾಕಬಾರದು ಅಂತ ಇದಕ್ಕೋಸ್ಕರವೇ ತಟ್ಟೆಯಲ್ಲಿ ಬಿತ್ತಿದ್ದೆ. ಕಿಟಕಿ ಹತ್ರ.

ಗಂಡ: ಅದಾ? ಅದು ಕಳೆ ಅಂದ್ಕೊಂಡಿದ್ದೆ. ಇರು. ಕಿಟಕಿ ಹತ್ರ ಅಂದ್ಯಾ?

ಹೆಂಡತಿ: ಹೂಂ.

ಗಂಡ: ನೀನು ಮನೆಗೆ ಕಾಲಿಟ್ಟ ಕೂಡಲೇ ನಾನು ಏನಂದೆ? ಹತ್ತು ಗಂಟೆಗೆ ಎದ್ದಿತು, ಮೈ ಮುರೀತು, ಕಿಟಕಿ ಹತ್ರ ಹೋಯ್ತು ಅಂದೆನಾ ಇಲ್ವಾ? ನಾನು ಸರಿಯಾಗೇ ನೋಡಿದ್ದೆ. ನೀನು ಕೇಳಿಸ್ಕೊಂಡೆ, ಅರ್ಥ ನೋಡಲಿಲ್ಲ.

ಅವನ ಮಾತು ಸರಿಯಾಗಿತ್ತು. ಹನ್ನೊಂದು ವರ್ಷದಲ್ಲಿ ಇಂಥದ್ದು ಎರಡೋ ಮೂರೋ ಸಲ ಆಗಿರಬಹುದು. ಅವಳ ತುಟಿಯ ಮೂಲೆ ತಾನಾಗಿ ಮೇಲೆ ಹೋಯಿತು.

ಹೆಂಡತಿ: ಒಪ್ಪಿದೆ. ನೋಡೋದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ.

ಅಷ್ಟು ಹೊತ್ತಿಗೆ ರಕ್ತದ ವರದಿ ಬಂತು. ಅವಳು ಡಾಕ್ಟರಿಗಿಂತ ಮೊದಲೇ ಅಂಕಿಗಳನ್ನು ಓದಿ ಉಸಿರು ಬಿಟ್ಟಳು. ಮೂತ್ರಪಿಂಡ ಚೆನ್ನಾಗಿತ್ತು.

ಡಾಕ್ಟರು: ಆದ್ರೂ ಆ ಹೂವಿದ್ದ ಮನೆಯಲ್ಲೇ ಬೆಕ್ಕೂ ಇತ್ತು. ನಾಡಿದ್ದು ಇನ್ನೊಂದು ಸಲ ರಕ್ತ ನೋಡೋಣ. ಅಲ್ಲೀವರೆಗೆ ಒಂದಿಷ್ಟು ಕೆಲಸ ಇದೆ, ಯಾರಿಗೆ ಹೇಳ್ಲಿ? ಇಲ್ಲಿ ಚೀಟಿಯಲ್ಲಿ ಏನೋ ಹೊಡೆದು ಹಾಕಿದ್ದೀರ. ‘ನೋಡುವವರು’ ಅಂತಿದೆ.

ಗಂಡ ಚೀಟಿ ತನ್ನ ಕಡೆ ಎಳೆದುಕೊಂಡ. ಕೆಂಪು ಪೆನ್ನು ಇನ್ನೂ ಅವಳ ಬಳಿಯೇ ಇತ್ತು, ಅವನು ಕೈ ಚಾಚಿದ, ಅವಳು ಕೊಟ್ಟಳು. ಅವನು ಹೊಡೆದ ಮೂರು ಅಕ್ಷರದ ಕೆಳಗೆ ಸಾಲಾಗಿ ಮೂರು ಚುಕ್ಕೆ ಇಟ್ಟ.

ಡಾಕ್ಟರು: ಏನಿದು ಚುಕ್ಕೆ?

ಗಂಡ: ನಮ್ಮ ಕೆಲಸದ ಗುರುತು. ಹೊಡೆದದ್ದನ್ನ ತೆಗೀಬೇಡಿ, ಮೊದಲಿದ್ದ ಹಾಗೇ ಇರಲಿ ಅಂತ.

ಹೆಂಡತಿ: ಯೋಚನೆ ಮಾಡಿ ಹಾಕಿದ್ರಾ?

ಗಂಡ: ಅರ್ಥ ನೋಡೇ ಹಾಕಿದ್ದು.

ಡಾಕ್ಟರು: ಸರಿ ಹಾಗಾದ್ರೆ ನಿಮಗೇ ಹೇಳ್ತೀನಿ. ಹೋದ ಕೂಡಲೇ ಆ ಹೂವು ಮನೆಯಿಂದಾಚೆ. ಕಪಾಟಿನಿಂದಾಚೆ ಅಲ್ಲ.

ಗಂಡ: ನೀವು ಎಲ್ಲಿ ಕೇಳಿಸ್ಕೊಂಡ್ರಿ?

ಡಾಕ್ಟರು: ರಕ್ತ ತೆಗೆಯೋವಾಗ ನೀವು ಗೋಡೆ ನೋಡ್ತಿದ್ರಿ, ಆಗ ಇವರು ಹೇಳಿದ್ರು. ಹೂದಾನಿ ನೀರು ಚೆಲ್ಲಿ, ಮೇಜು ಸೋಪು ಹಾಕಿ ಒರೆಸಬೇಕು. ಹತ್ತೊಂಬತ್ತು ಗಿಡದ ಹೆಸರೂ ನಿಮ್ಮ ಪುಸ್ತಕದ ಪಟ್ಟಿ ಹಿಡ್ಕೊಂಡು ತಾಳೆ ನೋಡಿ, ಆಗದ್ದನ್ನ ಬೆಕ್ಕಿಲ್ಲದ ಮನೆಗೆ ಕೊಟ್ಟುಬಿಡಿ. ಇದಕ್ಕೆ ದಿನಕ್ಕೆ ನಾಲ್ಕು ಸಲ ನೀರು ಇಡಬೇಕು. ಮಣ್ಣಿನ ತಟ್ಟೆ ಬೆಳಿಗ್ಗೆ ಸಾಯಂಕಾಲ ನೋಡಿ, ಮೂತ್ರ ಎಷ್ಟು ಸಲ ಹೋಯ್ತು ಅಂತ ಹೇಳ್ಬೇಕು ನಂಗೆ.

ಗಂಡ: ಇಷ್ಟೆಲ್ಲಾ ಇದೆಯಾ? ಒಂದು ಕಾಗದದಲ್ಲಿ ಬರೆದುಕೊಡ್ತೀರಾ?

ಡಾಕ್ಟರು: ಬೇಡ. ಬರೆದುಕೊಟ್ರೆ ನೀವು ಅಕ್ಷರ ನೋಡ್ತೀರಂತೆ. ಇನ್ನೊಂದು ಸಲ ಬಾಯಲ್ಲೇ ಹೇಳ್ತೀನಿ, ಕೇಳಿಸ್ಕೊಳ್ಳಿ.

ಅವನು ಬೆರಳು ಮಡಚಿ ಎಣಿಸುತ್ತಾ ಕೇಳಿಸಿಕೊಂಡ. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಹೋಗಬೇಕಾಯಿತು. ಹೆಂಡತಿ ಬೆಕ್ಕನ್ನು ಟವೆಲಿನ ಸಮೇತ ಅವನ ಮಡಚಿದ ಬೆರಳುಗಳ ಮೇಲೇ ಇಟ್ಟಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಬೆಳಿಗ್ಗೆ ಏಳರಿಂದ ಇದೇ ಮೊದಲ ಸಲ. ಹೆಗಲಿನಲ್ಲಿ ಚೀಲ ಇನ್ನೂ ಇದೆ ಎಂಬುದು ಈಗ ನೆನಪಾಗಿ, ಅದನ್ನು ತೆಗೆದು ನೆಲದ ಮೇಲಿಟ್ಟಳು.

ಗಂಡ: ನೀರು, ಮೇಜು, ತಟ್ಟೆ, ಗಿಡ ಎಲ್ಲಾ ನಾನೇ ಅಂದ್ರೆ, ನೀನೇನು ಮಾಡ್ತೀಯ?

ಹೆಂಡತಿ: ನಾನಾ? ನಾನು ನೋಡ್ತೀನಿ.